ಬಿಳಿ ಅಂಗಿಗೆ ನೀಲಿ ಗುಂಡಿ

ಮೆಟ್ಟಿಲ ಕೆಳಗಿನ ಆ ಜಾಗ ಎಂಟಡಿ ಉದ್ದ, ಐದಡಿ ಅಗಲ. ಒಳಗೆ ಒಂದು ಮೇಜು, ಆರು ಕಿಲೋ ತೂಗುವ ಇಸ್ತ್ರಿಪೆಟ್ಟಿಗೆ, ನೀರಿನ ಬಟ್ಟಲು ಮತ್ತು ಬೀದಿಯವರೆಲ್ಲ ಇಸ್ತ್ರಿ ಮಾವ ಎಂದು ಕರೆಯುವ ಆಸಾಮಿ. ಇಪ್ಪತ್ತಾರು ವರ್ಷಗಳಿಂದ ನಲವತ್ತೆರಡು ಮನೆಗಳ ಬಟ್ಟೆ ಅವನ ಕೈಯಲ್ಲೇ ಮಟ್ಟಸವಾಗಿದೆ. ಕಾದ ಪೆಟ್ಟಿಗೆಗೆ ಒಂದು ಹನಿ ನೀರು ಚಿಮುಕಿಸುತ್ತಾನೆ. ಹನಿ ಬಿದ್ದಲ್ಲೇ ಕುದ್ದರೆ ರೇಷ್ಮೆಗೆ ಸರಿ, ಉರುಳಿ ಓಡಿದರೆ ಹತ್ತಿಗೆ ಸರಿ. ಕಾಲರಿನ ಸವೆತ ಸವರಿಯೇ ಯಾರ ಅಂಗಿ ಎಂದು ಹೇಳಬಲ್ಲ.

ಅಂಗಿಯಲ್ಲಿ ಗುಂಡಿ ಉದುರಿದ್ದರೆ ಮಾವ ಡಬ್ಬಿ ತೆಗೆದು ಹೊಂದುವ ಗುಂಡಿ ಹುಡುಕಿ ಹೊಲಿದುಬಿಡುತ್ತಾನೆ. ಯಾರೂ ಕೇಳಿದ್ದಿಲ್ಲ, ಅವನೂ ಹೇಳಿದ್ದಿಲ್ಲ. ಮಡಿಸಿದ ಅಂಗಿ ಮನೆಗೆ ಹೋಗುತ್ತದೆ, ಗುಂಡಿ ಇರುತ್ತದೆ, ಅಷ್ಟೆ.

ಈ ವರ್ಷ ಮಾತ್ರ ಮೆಟ್ಟಿಲ ಕೆಳಗೆ ಬೆಳಕು ಸಾಲದೆನಿಸಿತು. ಒಂಬತ್ತು ವಾಟಿನ ಬಲ್ಬು ತೆಗೆದು ಹದಿನೈದರದು ಹಾಕಿದ. ಅದೂ ಮಂಕೆನಿಸಿ ಇಪ್ಪತ್ತರದು ಹಾಕಿದ. ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ನೋಡಿದರೂ ಎಲ್ಲದರ ಮೇಲೂ ತೆಳುವಾಗಿ ಚಹಾ ಚೆಲ್ಲಿದ ಹಾಗಿತ್ತು. ದೋಷ ಬಲ್ಬಿನದಲ್ಲ ಎಂದು ಒಳಗೊಳಗೇ ಗೊತ್ತಿತ್ತು. ಆದರೆ ಕಣ್ಣು ಮಸುಕಾದ ಸುದ್ದಿ ಹೊರಬಿದ್ದರೆ, ತಿರುವಿನಲ್ಲಿ ಹೊಸದಾಗಿ ತೆರೆದ ಮಷಿನ್ ಲಾಂಡ್ರಿಗೆ ನಲವತ್ತೆರಡು ಮನೆಗಳೂ ಗಂಟು ಕಟ್ಟಿಕೊಂಡು ಹೋಗುವುದಿಲ್ಲವೇ? ಮಾವ ತುಟಿ ಬಿಚ್ಚಲಿಲ್ಲ.

ಒಂದು ಮಧ್ಯಾಹ್ನ ಊಟ ತಂದ ಹೆಂಡತಿ ಮಡಿಸಲು ಕೈಹಾಕಿದವಳು ನಿಂತುಬಿಟ್ಟಳು.

"ಏನ್ರೀ ಇದು, ಬಿಳಿ ಅಂಗಿಗೆ ನೀಲಿ ಗುಂಡಿ?"

"ಬಿಳೀದೇ ಅಲ್ವೇನೇ ಅದು."

"ನಾನೇನು ಕುರುಡಿಯಾ?"

ಅವಳು ಮೂಟೆಯನ್ನೆಲ್ಲ ಹರವಿದಳು. ಮೂವತ್ತೊಂದು ಅಂಗಿಗಳಲ್ಲಿ ಒಂಬತ್ತಕ್ಕೆ ತಪ್ಪು ಗುಂಡಿ. ಲೆಕ್ಕದ ಮೇಷ್ಟ್ರ ಒಂದೇ ಅಂಗಿಗೆ ನೀಲಿ, ಕೆನೆ, ತಿಳಿಹಸಿರು. ಇನ್ನೂ ಕೆಟ್ಟ ವಿಷಯವೆಂದರೆ ಆ ಹೊಲಿಗೆಯ ದಾರ ಹತ್ತಾರು ಒಗೆತ ಕಂಡು ಬಣ್ಣಗೆಟ್ಟಿತ್ತು. ಅಂದರೆ ಜನ ಅದನ್ನು ತಿಂಗಳುಗಟ್ಟಲೆ ತೊಟ್ಟು ತಿರುಗಿದ್ದರು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಕತೆ ತನ್ನದೇ ಎಂದು ಮಾವನಿಗೆ ಹೊಳೆಯಿತು. ಅನ್ನದ ಡಬ್ಬಿ ತೆರೆಯಲಿಲ್ಲ.

ಸಂಜೆ ಬಟ್ಟೆಗೆ ಬಂದ ಮೇಷ್ಟ್ರಿಗೆ ಅಂಗಿ ಕೊಡುತ್ತಲೇ ಮಾವ ಕೇಳಿದ.

"ಮೇಷ್ಟ್ರೇ, ಗುಂಡಿ ವಿಷಯ ಗೊತ್ತಿತ್ತಾ?"

"ನಾಲ್ಕು ತಿಂಗಳಿಂದ. ಮಕ್ಕಳು ನನಗೆ ಸಿಗ್ನಲ್ ಲೈಟ್ ಅಂತ ಹೆಸರಿಟ್ಟಿದಾರೆ."

"ಒಂದು ಮಾತು ಹೇಳಬಾರದಿತ್ತಾ?"

"ಗುಂಡಿ ಉದುರಿಸ್ಕೊಂಡು ಬಂದಿದೀರಿ ಅಂತ ನೀವು ಯಾವತ್ತಾದ್ರೂ ಹೇಳಿದೀರಾ? ಸುಮ್ನೆ ಹೊಲಿದು ಕೊಟ್ರಿ. ನಾವೂ ಸುಮ್ನೆ ಹಾಕ್ಕೊಂಡ್ವಿ." ಮೇಷ್ಟ್ರು ಮೇಜಿಗೆ ಒರಗಿದರು. "ಪೊರೆ ಬಂದಿದೆ ಮಾವ, ನಮ್ಮಪ್ಪನಿಗೂ ಹೀಗೇ ಆಗಿತ್ತು. ತೆಗೆಸ್ಕೊಳ್ಳಿ."

"ಮೂರು ವಾರ ಬೆಂಕಿ ಹತ್ರ ನಿಲ್ಲೋ ಹಾಗಿಲ್ವಂತೆ. ಬಾಗಿಲು ಹಾಕಿದ್ರೆ ಯಾರು ಕಾಯ್ತಾರೆ?"

"ಬೀದಿ ಪರವಾಗಿ ನಾನು ಮಾತು ಕೊಡಕ್ಕಾಗಲ್ಲ," ಎಂದರು ಮೇಷ್ಟ್ರು.

"ಅವರು ಕಾಯ್ತಾರೋ ಬಿಡ್ತಾರೋ," ಎಂದಳು ಹೆಂಡತಿ, "ರೇಷ್ಮೆ ಸುಟ್ಟಮೇಲಂತೂ ಯಾರೂ ಕಾಯಲ್ಲ. ನಡೀರಿ."

ಪೊರೆ ತೆಗೆಸಲು ಇಸ್ತ್ರಿ ಅಂಗಡಿ ಬಾಗಿಲು ಹಾಕಿತು.

ಇಪ್ಪತ್ತೆರಡನೆಯ ದಿನ ಬೆಳಿಗ್ಗೆ ಏಳಕ್ಕೆ ಮಾವ ಪೆಟ್ಟಿಗೆ ಕಾಯಿಸಿ ಕುಳಿತ. ಎಂಟಾಯಿತು, ಯಾರೂ ಇಲ್ಲ. ನೀರಿನ ಹನಿಯನ್ನು ಸುಮ್ಮನೆ ನಾಲ್ಕು ಸಲ ಓಡಿಸಿದ. ಎಂಟೂವರೆಗೆ ಆಸ್ಪತ್ರೆಯ ನರ್ಸಮ್ಮ ಎರಡು ಮೂಟೆ ಹೊತ್ತು ಬಂದಳು. "ಮೂರು ವಾರ ಹಾಸಿಗೆ ಕೆಳಗಿಟ್ಟು ಮಟ್ಟ ಮಾಡ್ಕೊಂಡೆ ಮಾವ, ಸೊಂಟ ಹೋಯ್ತು," ಎಂದಳು. ಅವಳ ಹಿಂದೆ ಒಬ್ಬರಾದ ಮೇಲೊಬ್ಬರು ಬಂದರು. ಇಡೀ ಬೀದಿ ಸುಕ್ಕುಸುಕ್ಕಾಗಿತ್ತು. ಸಂಜೆಗೆ ಮೂವತ್ತೆಂಟು ಮನೆಗಳಾದವು. ನಾಲ್ಕು ಮಷಿನ್ ಲಾಂಡ್ರಿಗೆ ಹೋಗಿದ್ದವು. ಅವುಗಳಲ್ಲಿ ಎರಡು ಮುಂದಿನ ತಿಂಗಳು ವಾಪಸಾದವು, ಎರಡು ಆಗಲಿಲ್ಲ.

ಕೊನೆಗೆ ಬಂದವರು ಮೇಷ್ಟ್ರು. ಚೀಲವಿಟ್ಟು, ಮಾವನ ಕಣ್ಣು ತಪ್ಪಿಸಿ, ಗಡಿಬಿಡಿ ಇದೆ ಎಂದು ಹೊರಟೇಬಿಟ್ಟರು.

ಚೀಲದಲ್ಲಿ ಅದೇ ಅಂಗಿ ಇತ್ತು. ಮಾವ ನೀಲಿ, ಕೆನೆ, ತಿಳಿಹಸಿರು ಗುಂಡಿ ಬಿಚ್ಚಿ ಮೂರು ಬಿಳಿಯವು ಹೊಲಿದ. ಬಿಳಿಯೆಂದರೆ ಇಷ್ಟು ಬಿಳಿಯೆಂಬುದು ಮರೆತೇ ಹೋಗಿತ್ತು. ಅಂಗಿ ತಿರುಗಿಸಿದರೆ ಬೆನ್ನ ಮೇಲೆ ಇಸ್ತ್ರಿಪೆಟ್ಟಿಗೆಯದೇ ಆಕಾರದ ಕಂದು ಕಲೆ, ಮೂತಿ ಸಮೇತ.

ಹೆಂಡತಿ ಸೆರಗು ಬಾಯಿಗಿಟ್ಟುಕೊಂಡು ನಕ್ಕಳು. "ಮೇಷ್ಟ್ರು ತಾವೇ ಕೈ ಹಾಕಿದಾರೆ. ಬರಲಿ, ಕೇಳ್ತೀನಿ."

"ನಿಂಗೇನಾದ್ರೂ ಕಾಣ್ತಿದೆಯಾ?" ಎಂದ ಮಾವ. "ನಂಗಂತೂ ಏನೂ ಕಾಣ್ತಿಲ್ಲ."

ಕಲೆ ಒಳಗೆ ಹೋಗುವಂತೆ ಅಂಗಿ ಮಡಿಸಿ ಮೇಜಿನ ಮೇಲಿಟ್ಟ.