ತೂತಿಲ್ಲದ ಅಟ್ಟೆಗೆ ಎಷ್ಟು ಪಾಯಿಂಟು?

ಆಗೆಲ್ಲ ಸೇಲಂನ ನಮ್ಮ ಕನ್ನಡ ನೇಕಾರರ ಬೀದಿಯಲ್ಲಿ ಬೆಳಗಾದದ್ದು ಕಣ್ಣಿಗಿಂತ ಮೊದಲು ಕಿವಿಗೆ ಗೊತ್ತಾಗುತ್ತಿತ್ತು. ಒಂದು ಮನೆಯ ಮಗ್ಗ ಟಕ್ ಎಂದರೆ ಎದುರು ಮನೆಯದು ಟಕಟಕ್ ಎಂದು ಓಗೊಡುತ್ತಿತ್ತು. ನಮ್ಮ ನಡುಮನೆಯ ಹೆಂಚುಗಳ ಮಧ್ಯೆ ಒಂದು ಗಾಜಿನ ತುಂಡಿತ್ತು. ಅದರಿಂದ ಇಳಿದ ಬಿಸಿಲುಕೋಲಿನಲ್ಲಿ ನೂಲಿನ ಧೂಳು ಯಾವ ಅವಸರವೂ ಇಲ್ಲದೆ ತೇಲುತ್ತಿತ್ತು. ನೂಲಿಗೆ ಹಾಕುವ ಗಂಜಿಯ ಹುಳಿವಾಸನೆ ಊಟದ ತಟ್ಟೆಯವರೆಗೂ ಬರುತ್ತಿತ್ತು. ನಾನು ಆರನೇ ಕ್ಲಾಸು ಮುಗಿಸಿದ ಬೇಸಿಗೆಯನ್ನು ನೆನೆದರೆ ಮೊದಲು ಆ ಧೂಳು ಕಾಣುತ್ತದೆ. ಆಮೇಲೆ ಅದರೊಳಗಿಂದ ನಮ್ಮ ರೋಬೋಗಳು ಒಂದೊಂದಾಗಿ ನಡೆದು ಬರುತ್ತವೆ.

ಆಟವನ್ನು ತಂದವನು ಮೆಟ್ಟೂರಿನ ಅತ್ತೆಯ ಮಗ ಮುರಳಿ, ನನಗಿಂತ ಒಂದು ವರ್ಷ ದೊಡ್ಡವನು. ಅವನ ಚೀಲದಲ್ಲಿ ಜೆರಾಕ್ಸ್ ಮಾಡಿದ ಹಾಳೆಗಳಿದ್ದವು. ಮೇಜಿನ ಮೇಲೆ ಆಡುವ ರೋಬೋ ಯುದ್ಧದ ನಿಯಮಗಳು. ಪ್ರತಿ ರೋಬೋಗೂ ಇಷ್ಟು ಪಾಯಿಂಟು ಎಂದಿರುತ್ತದೆ, ಒಬ್ಬೊಬ್ಬರ ಸೇನೆಯೂ ನೂರು ಪಾಯಿಂಟು ದಾಟಬಾರದು. ಆದರೆ ಯಾವುದಕ್ಕೆ ಎಷ್ಟು ಎಂದು ಹೇಳುವ ಕೊನೆಯ ಹಾಳೆಯೇ ಇರಲಿಲ್ಲ.

"ಅದೆಲ್ಲೋಯ್ತು ಲಾ?"

"ಓಮಲೂರು ಬಸ್‌ಸ್ಟ್ಯಾಂಡಲ್ಲಿ ಬಜ್ಜಿ ತಿಂದೆ. ಕೈ ಎಣ್ಣೆ ಆಯ್ತು. ಒರೆಸ್ಕೊಂಡ್ಬುಟ್ಟೆ."

"ಒರೆಸ್ಕೊಳ್ಳಾಕೆ ಅದೇ ಬೇಕಾಗಿತ್ತಾ?"

"ಇಂಗ್ಲೀಷ್ ಪೇಪರ್ ಲೇ, ಎಣ್ಣೆ ಚೆನ್ನಾಗ್ ಈರ್ಕೊಳ್ತದೆ."

ಹಾಗಾಗಿ ಲೆಕ್ಕ ನಾವೇ ಹಾಕಬೇಕಾಯಿತು. ನಮ್ಮ ರೋಬೋಗಳಿಗೆ ನೂಲು ಸುತ್ತುವ ಖಾಲಿ ಕಂಡಿಕೆಗಳು ಕಾಲು, ಸೋಡಾ ಮುಚ್ಚಳ ತಲೆ, ಸೇಫ್ಟಿ ಪಿನ್ನು ಬಂದೂಕು. ಎದೆಗೆ ಕವಚವಾಗಿ ಜಕಾರ್ಡಿನ ಹರಿದ ಅಟ್ಟೆ. ಜಕಾರ್ಡು ಎಂದರೆ ಮಗ್ಗದ ತಲೆಯ ಮೇಲೆ ಕೂತು ಸೀರೆಗೆ ಹೂವು ಹೇಳಿಕೊಡುವ ಯಂತ್ರ. ಅದರ ರಟ್ಟಿನ ಅಟ್ಟೆಯಲ್ಲಿ ತೂತಿದ್ದ ಕಡೆ ನೂಲು ಮೇಲೇಳುತ್ತದೆ, ಇಲ್ಲದ ಕಡೆ ಸುಮ್ಮನಿರುತ್ತದೆ. ಯುದ್ಧಭೂಮಿಗೆ ಸೀರೆಯ ಅಂಚು ಬರೆದ ಹಳೆಯ ಗ್ರಾಫ್ ಹಾಳೆ ಇತ್ತು. ನವಿಲಿನ ಕತ್ತು ನಮಗೆ ನದಿಯಾಯಿತು, ಮಾವಿನಕಾಯಿ ಬುಟ್ಟಾ ಬೆಟ್ಟವಾಯಿತು.

ಒಂದು ತೂತಿಗೆ ಒಂದು ಪಾಯಿಂಟು ಎಂದು ತೀರ್ಮಾನಿಸಿದವಳು ನಾನು. ತೂತು ಹೆಚ್ಚಿದ್ದರೆ ಹೂವು ಹೆಚ್ಚು, ಹೂವು ಹೆಚ್ಚಿದ್ದರೆ ಸೀರೆ ಮೇಲು. ನೇಯುವವರ ಮನೆಯ ಮಗುವಿಗೆ ಬೇರೆ ಲೆಕ್ಕ ಹೊಳೆಯುವುದಾದರೂ ಹೇಗೆ? ಆದರೆ ಆಟದಲ್ಲಿ ಒಂದು ಪಿನ್ನಿಗೆ ಒಂದು ಸಲ ದಾಳ ಎಸೆಯಬೇಕು, ಮೂರು ಪೆಟ್ಟು ಬಿದ್ದರೆ ಯಾವ ರೋಬೋ ಆದರೂ ಸತ್ತಂತೆ. ತೂತಿಗೆ ಅಲ್ಲಿ ಕೆಲಸವೇ ಇರಲಿಲ್ಲ. ಅದು ನನಗೆ ಕಾಣಲಿಲ್ಲ.

ನನ್ನ ಸೇನೆಯ ದೊಡ್ಡ ರೋಬೋದ ಮೈ, ತಾತ ಮಗ್ಗದಲ್ಲಿ ಅಡ್ಡನೂಲು ಓಡಿಸುತ್ತಿದ್ದ ಲಾಳಿ. ಕಣ್ಣು ಮಂಜಾಗಿ ತಾತ ಮಗ್ಗದಿಂದ ಇಳಿದದ್ದು ಅದೇ ವರ್ಷ. ಇಳಿದ ದಿನ ಲಾಳಿಯನ್ನು ನನ್ನ ಮಡಿಲಿಗೆ ಹಾಕಿ, "ಇಟ್ಕೋ ಕಣ್ಣು," ಎಂದು ತಮಿಳಿನವರಂತೆ ಮುದ್ದಾಗಿ ಕರೆದು ಹೇಳಿದ್ದ. ಅದರ ಒಂದು ಪಕ್ಕ ಅವನ ಹೆಬ್ಬೆರಳು ತಾಕಿ ತಾಕಿ ನುಣ್ಣಗೆ ತಗ್ಗಾಗಿತ್ತು. ಅಂಥದ್ದರ ಎದೆಗೆ ನಲವತ್ತು ತೂತಿನ ಅಟ್ಟೆ ಕಟ್ಟಿದ್ದೆ.

ಮುರಳಿ ಊರಿಗೆ ಹೊರಡುವ ಹಿಂದಿನ ದಿನ ಪಂದ್ಯ ಕಟ್ಟಿದ. ಸೋತವರು ತಮ್ಮ ದೊಡ್ಡ ರೋಬೋವನ್ನು ಗೆದ್ದವರಿಗೇ ಬಿಟ್ಟುಕೊಡಬೇಕು.

"ಬಯಮಾ?" ಎಂದು ತಮಿಳಿನಲ್ಲಿ ಕೆಣಕಿದ.

"ಯಾರಿಗ್ ಬಯ? ತಗೊಂಡ್ ಬಾ ಓಗು!"

ಮಧ್ಯಾಹ್ನ ನಡುವೆ ತರಕಾರಿ ತುರಿ ಇಟ್ಟ ತಟ್ಟುವಡೆ ಸೆಟ್ಟು ತಿಂದು, ಬೀಟ್‌ರೂಟಿನ ಕೆಂಪು ಅಂಟಿದ ಬೆರಳುಗಳಲ್ಲೇ ಕೂತೆವು. ಮುರಳಿ ಚೀಲದಿಂದ ರೋಬೋಗಳನ್ನು ತೆಗೆದ, ತೆಗೆಯುತ್ತಲೇ ಹೋದ. ಹದಿನಾಲ್ಕು. ಪ್ರತಿಯೊಂದಕ್ಕೂ ಎರಡು ಪಿನ್ನು. ಎದೆಗೆ, ಅಟ್ಟೆಗೆ ತೂತು ಹೊಡೆಯುವ ಅಂಗಡಿಯಿಂದ ಕೇಳಿ ತಂದ, ಇನ್ನೂ ತೂತು ಬೀಳದ ಹೊಸ ಅಟ್ಟೆ.

"ಇವಕ್ಕೆ ಪಾಯಿಂಟೆಷ್ಟು?"

"ತೂತು ಎಣಿಸ್ಕೋ. ನಿನ್ ಲೆಕ್ಕಾನೇ ಅಲ್ವಾ?"

ಸೊನ್ನೆ. ಹದಿನಾಲ್ಕಕ್ಕೂ ಸೊನ್ನೆ. ನವಿಲಿನ ಕತ್ತು ದಾಟುವ ಮೊದಲೇ ನನ್ನ ಸೇನೆ ಮಲಗಿತು. ನಾನು ಅವನ ಒಂದು ಅಟ್ಟೆ ಹಿಡಿದು, ಅಳುತ್ತಾ ತಾತ ಕೂತಿದ್ದ ಜಗಲಿಗೆ ಓಡಿದೆ.

"ತಾತ, ಮೋಸ! ಇವನು ತೂತಿಲ್ದಿರೋ ಅಟ್ಟೆ ಕಟ್ಟವ್ನೆ!"

ತಾತ ಆ ಬೋಳು ಅಟ್ಟೆಯನ್ನು ಇಸಿದುಕೊಂಡು ಬೆರಳಲ್ಲಿ ತಡವಿದ. ಕಣ್ಣು ಬೀದಿಯ ಕಡೆಗಿತ್ತು.

"ಇದನ್ನ ಸೊನ್ನೆ ಅಂದೋರ್ಯಾರು?"

"ನಾನೇ."

"ಹೂವು ಎಲ್ ಕೂತೈತೆ ತಾಯಿ? ಸೀರೆ ಬೋಳು ನೆಲದ ಮ್ಯಾಲೆ. ಆ ನೆಲಾನೂ ನಾನೇ ತಾನೆ ನೇಯ್ದಿದ್ದು? ಲಾಳಿ ಅಲ್ಲೂ ಓಡಬೇಕಲ್ವಾ?"

"ಅಂಗಾದ್ರೆ ನಾನ್ ಸೋತಿಲ್ಲ ಅಲ್ವಾ?"

"ಸೋತೆ. ಲೆಕ್ಕ ನಾಳೆ ತಿದ್ದಾನ. ಇವತ್ತು ಕೊಡು."

ಹಿಂದೆಯೇ ಬಂದಿದ್ದ ಮುರಳಿಗೇ ನಾಚಿಕೆಯಾಯಿತು. "ಪರವಾಇಲ್ಲೆ ತಾತ, ಅವಳೇ ಇಟ್ಕಳ್ಳಿ," ಎಂದ. ತಾತ ಒಪ್ಪಲಿಲ್ಲ. ಕೈಯನ್ನು ನನ್ನ ಕಡೆ ಚಾಚಿದ. ಲಾಳಿ ಕೊಟ್ಟೆ. ಹೆಬ್ಬೆರಳನ್ನು ಆ ತಗ್ಗಿನಲ್ಲಿ ಒಂದು ಗಳಿಗೆ ಇಟ್ಟು, ತಾನೇ ಮುರಳಿಯ ಚೀಲಕ್ಕೆ ಹಾಕಿದ. ಮರುದಿನ ಅದು ಮೆಟ್ಟೂರು ಬಸ್ಸು ಹತ್ತಿತು.

ಆ ಸಂಜೆ ತಾತನೇ ಕರೆದ. "ಆ ಪೇಪರ್ ಹಾಸು, ಸರಿಯಾಗ್ ಲೆಕ್ಕ ಹಾಕಾನ." ಹೊಸ ಹೂವು ಹಾಕಿದಾಗ ಗೇಣುದ್ದ ನೇಯ್ದು ನೋಡುತ್ತಿದ್ದನಂತೆ, ಆಗದಿದ್ದರೆ ಬಿಚ್ಚಿ ಮತ್ತೆ ನೇಯುತ್ತಿದ್ದನಂತೆ. ರೋಬೋಗೂ ಅದೇ ದಾರಿ. ಎರಡನ್ನು ಹತ್ತು ಸಲ ಕಾದಾಡಿಸು, ಎಷ್ಟು ಸಲ ಗೆದ್ದಿತೋ ನೋಡಿ ಪಾಯಿಂಟು ಕಟ್ಟು. ತಾತ ದಾಳದ ಚುಕ್ಕಿಗಳನ್ನು ಬೆರಳಲ್ಲೇ ಓದುತ್ತಿದ್ದ. ನಾನು ನೋಟುಬುಕ್ಕಿನಲ್ಲಿ ಬರೆಯುತ್ತಿದ್ದೆ, ಅವನ ಕನ್ನಡವನ್ನು ಸ್ಕೂಲು ಕಲಿಸಿದ ತಮಿಳು ಅಕ್ಷರಗಳಲ್ಲಿ. ಒಂದು ಪಿನ್ನಿಗೆ ಐದು. ಮೂರನೇ ಕಾಲಿಗೆ ಎರಡು. ಬಿಸಿಲುಕೋಲು ಹಾಳೆಯ ಮೇಲೆ ಜರುಗುತ್ತಾ ಬೆಟ್ಟ, ನದಿ ದಾಟಿ ಗೋಡೆ ಹತ್ತುತ್ತಿತ್ತು.

ಬೋಳು ಅಟ್ಟೆಯ ಸಾಲು ಮಾತ್ರ ಮುಗಿಯಲೇ ಇಲ್ಲ. ತೂತಿನ ಅಟ್ಟೆಯ ಎದುರು ಹತ್ತು ಆಟಕ್ಕೆ ಐದು ಗೆಲುವು, ಐದು ಸೋಲು. "ಇನ್ನೊಂದಾಟ ಆಡಾನ, ಗೊತ್ತಾಯ್ತದೆ," ಎನ್ನುತ್ತಿದ್ದ ತಾತ. ಹನ್ನೊಂದಾಯಿತು, ಇಪ್ಪತ್ತಾಯಿತು, ಮೂವತ್ತೂ ದಾಟಿತು. ಸ್ಕೂಲು ತೆರೆಯಿತು. ಮುಂದಿನ ಬೇಸಿಗೆಗೆ ತಾತ ಇರಲಿಲ್ಲ.

ಈಗ ನಮ್ಮ ಬೀದಿಯಲ್ಲಿ ಹೂವನ್ನು ಕಂಪ್ಯೂಟರೇ ಹೇಳಿಕೊಡುತ್ತದೆ, ಅಟ್ಟೆ ಕಂಡ ಮಕ್ಕಳಿಲ್ಲ. ನನ್ನ ಮಗಳು ಫೋನಿನಲ್ಲಿ ಆಡುವ ಯುದ್ಧಕ್ಕೆ ಪಾಯಿಂಟುಗಳು ತಾವಾಗಿಯೇ ಮೂಡುತ್ತವೆ. ನಾನು ಕನ್ನಡದಲ್ಲಿ ಏನಾದರೂ ಕೇಳಿದರೆ ಅವಳು ತಮಿಳಿನಲ್ಲಿ ಉತ್ತರ ಕೊಡುತ್ತಾಳೆ. ನೋಟುಬುಕ್ಕು ಇನ್ನೂ ಇದೆ, ಆ ಸಾಲಿನ ಮುಂದೆ ಸಂಖ್ಯೆಯಿಲ್ಲ. ಐವತ್ತು ವರ್ಷ ಮಗ್ಗದ ಮೇಲಿದ್ದ ಕೈಗೆ ಆ ಬೇಸಿಗೆ ಬೇಕಾಗಿದ್ದದ್ದು ಆಟ, ಉತ್ತರವಲ್ಲ ಎಂದು ನನಗೆ ತಿಳಿಯಲು ಎಷ್ಟೋ ಕಾಲ ಹಿಡಿಯಿತು. ಅವನು ಪ್ರತಿ ಸಲ ದಾಳ ಕೈಗೆತ್ತಿಕೊಂಡಾಗಲೂ ನಾನು ಹೇಳುತ್ತಿದ್ದದ್ದು ಒಂದೇ ಮಾತು: "ಬೇಗ ಎಸಿ ತಾತ, ಒತ್ತಾಯ್ತೈತೆ."