ಪಂಡಿತೆಯ ತಿದ್ದುಪಡಿ

ಮನೆಯಲ್ಲಿ ಅವಳನ್ನು ಪಂಡಿತೆ ಎಂದು ಕರೆಯುತ್ತಿದ್ದರು. ಹೊಗಳಿಕೆಗಲ್ಲ. ಅಂಗಡಿ ಬೋರ್ಡಿನಲ್ಲಿ, ಬಸ್ ಟಿಕೆಟ್ಟಿನಲ್ಲಿ, ಕಡೆಗೆ ಸತ್ತವರ ಫೋಟೋ ಕೆಳಗಿನ ಎರಡು ಸಾಲಿನಲ್ಲೂ ತಪ್ಪು ಹೆಕ್ಕುವ ತಂಗಿಗೆ ಅಣ್ಣ ಇಟ್ಟ ಹೆಸರದು. ಡಿಗ್ರಿ ಎರಡನೇ ವರ್ಷದ ಪರೀಕ್ಷೆ ಮುಗಿಸಿದ ಬೇಸಿಗೆಯಲ್ಲಿ ಅವಳು ಎರಡು ಕೆಲಸ ಹಚ್ಚಿಕೊಂಡಳು. ಬೆಳಿಗ್ಗೆ ಬಡಾವಣೆಯ ಗ್ರಂಥಾಲಯದ ಮಹಡಿಯಲ್ಲಿ ಶಾಲೆ ಹುಡುಗಿಯೊಬ್ಬಳಿಗೆ ಬರೆಯಲು ಹೇಳಿಕೊಡುವುದು. ಮಧ್ಯಾಹ್ನ ಒಂದು ಸಣ್ಣ ವಾರಪತ್ರಿಕೆಗೆ ತಾನೇ ಬರೆಯುವುದು. ಮೊದಲನೆಯದು ಪುಕ್ಕಟೆ ಸೇವೆ, ಎರಡನೆಯದೂ ಹೆಚ್ಚುಕಮ್ಮಿ ಹಾಗೇ. "ಮನೇಲಿ ಒಂದು ಲೋಟ ತೊಳೆಯಲ್ಲ, ಲೋಕೋದ್ಧಾರಕ್ಕೆ ಹೊರಟಳು" ಎಂದರು ಅಮ್ಮ.

ಪತ್ರಿಕೆಯ ಕಚೇರಿ ಎಂದರೆ ಜೆರಾಕ್ಸ್ ಅಂಗಡಿಯ ಮೇಲಿನ ಒಂದು ಕೋಣೆ. ಅಲ್ಲಿ ಸಂಪಾದಕರದೇ ಒಂದು ಪದ್ಧತಿಯಿತ್ತು. ಬಂದ ಬರಹವನ್ನೆಲ್ಲ ಅವರು ಗಟ್ಟಿಯಾಗಿ ಓದಬೇಕು, ಟೈಪಿಸ್ಟಮ್ಮ ಕೇಳಿಕೊಂಡು ಹೊಡೆಯಬೇಕು. ಆಕೆಯ ಕಿವಿಗೆ ಬಿದ್ದದ್ದು ನೇರ ಬೆರಳಿಗೆ ಇಳಿಯುತ್ತಿತ್ತು, ನಡುವೆ ತಲೆಗೆ ಕೆಲಸವೇ ಇರಲಿಲ್ಲ. ಆದರೆ ಅಪರೂಪಕ್ಕೊಮ್ಮೆ ಬೆರಳು ತಾನಾಗಿ ನಿಂತುಬಿಡುತ್ತಿತ್ತು. ಹಾಗೆ ನಿಂತರೆ ಬರಹದಲ್ಲಿ ಜೀವವಿದೆ ಎಂದು ಸಂಪಾದಕರ ಲೆಕ್ಕ.

ಪಂಡಿತೆ ವಾರಕ್ಕೊಬ್ಬರ ಬಗ್ಗೆ ಬರೆದಳು. ಗಡಿಯಾರ ರಿಪೇರಿಯವನು, ಆಂಬುಲೆನ್ಸ್ ಡ್ರೈವರ್, ಆಸ್ಪತ್ರೆಯ ಆಯಾ. ಬೆರಳು ಟಕಟಕ ಎಂದು ಓಡುತ್ತಲೇ ಇತ್ತು. ಒಮ್ಮೆ ಮಾತ್ರ ನಿಂತಿತು. ಪಂಡಿತೆಯ ಎದೆ ಡವಡವ ಎಂದಿತು. ಟೈಪಿಸ್ಟಮ್ಮ ಸೀನಿ, ಮೂಗು ಒರೆಸಿಕೊಂಡು, ಮುಂದುವರಿಸಿದರು.

"ರಜೆ ಮುಗಿಯೋ ವಾರದ ಕೊನೇ ಪುಟ ಖಾಲಿ ಬಿಟ್ಟಿದೀನಮ್ಮ," ಎಂದರು ಸಂಪಾದಕರು. "ಇವರ ಬೆರಳು ನಿಲ್ಲಿಸಿದವರಿಗೆ ಅದು. ನಿನ್ನ ಶಿಷ್ಯೆದೂ ಏನಾದ್ರೂ ಇದ್ರೆ ತಗೊಂಡು ಬಾ."

ಪಂಡಿತೆಗೆ ಆ ಪುಟ ಬೇಕಿತ್ತು. ಸುಮ್ಮನೆ ಬೇಕಿತ್ತು ಎಂದಲ್ಲ, ಅನ್ನ ನೀರು ಬೇಕಾದ ಹಾಗೆ ಬೇಕಿತ್ತು.

ಶಿಷ್ಯೆ ಎಂಟನೇ ತರಗತಿಯವಳು, ಬೀಗ ರಿಪೇರಿಯವನ ಮಗಳು. ಬರೆಯುವಾಗ ತುಟಿ ಅಲ್ಲಾಡಿಸುತ್ತಿದ್ದುದರಿಂದ ಅವಳಿಗೆ ಪಿಟಿಪಿಟಿ ಎಂದೇ ಹೆಸರು. ಕಾಗುಣಿತ ದೇವರಿಗೇ ಪ್ರೀತಿ. ಇಂಥವಳನ್ನು ತಿದ್ದುವುದೆಂದರೆ ಪಂಡಿತೆಗೆ ಪರಮ ಸುಖ. ನಿಮ್ಮಪ್ಪನ ಬಗ್ಗೆ ಬರಿ ಎಂದಳು. ಮಾರನೆಯ ದಿನ ಪಿಟಿಪಿಟಿ ಒಂದು ಹಾಳೆ ತಂದಿಟ್ಟಳು.

"ನಮ್ಮಪ್ಪ ಊರಿನ ಅರ್ಧ ಬಾಗಿಲು ತೆಗೆದಿದ್ದಾನೆ. ಒಂದು ಮನೆಯನ್ನೂ ಒಳಗೆ ನೋಡಿಲ್ಲ. ಬೀಗ ತೆಗೆದ ಕೂಡಲೇ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಾನೆ. ಯಾಕಪ್ಪ ಅಂದೆ. ನಾನು ಒಳಗೆ ನೋಡಿದ್ದು ಅವರು ನೋಡಿದರೆ, ಮುಂದೆ ಯಾವತ್ತು ಏನು ಕಳೆದರೂ ಅವರಿಗೆ ನನ್ನ ನೆನಪಾಗುತ್ತೆ ಅಂದ."

ಪಂಡಿತೆ ಓದಿದಳು. ಮತ್ತೆ ಓದಿದಳು. ಹೊಟ್ಟೆಯೊಳಗೆ ಯಾರೋ ಕಡ್ಡಿ ಗೀರಿದಂತಾಯಿತು. ಇಡೀ ಬೇಸಿಗೆ ಬಿಸಿಲಲ್ಲಿ ಸುತ್ತಿ, ಕಂಡಕಂಡವರನ್ನೆಲ್ಲ ಕೇಳಿ ತಾನು ಬರೆದದ್ದರಲ್ಲಿ ಇಂಥ ಒಂದು ಸಾಲಿಲ್ಲ. ಒತ್ತಕ್ಷರ ಬಾರದ ಈ ಪಿಳ್ಳೆ, ಪಾಠ ಹೇಳುವ ಗುರುವಿಗೇ ತಿರುಮಂತ್ರ ಹಾಕಿದೆ. ಅವಳಿಗೆ ಹೊಟ್ಟೆಕಿಚ್ಚಾಯಿತು. ಆ ಮಗುವಿನ ಎಣ್ಣೆ ಜಡೆಯ ಮೇಲೆ, ಸವೆದ ಚಪ್ಪಲಿಯ ಮೇಲೆ, ಬೆನ್ನು ಹಾಕಿ ನಿಲ್ಲುವ ಅಪ್ಪನೊಬ್ಬ ಅವಳಿಗಿದ್ದಾನಲ್ಲ ಅದರ ಮೇಲೆ ಕೂಡ. ತನ್ನಪ್ಪ ಬ್ಯಾಂಕಿನಲ್ಲಿ ಗುಮಾಸ್ತ, ಅವರ ಬಗ್ಗೆ ಬರೆಯಲು ಏನಿದೆ?

"ಚೆನ್ನಾಗಿಲ್ವಾ ಅಕ್ಕ?" ಎಂದಳು ಪಿಟಿಪಿಟಿ.

"ಸುಮಾರಾಗಿದೆ. ಸ್ವಲ್ಪ ತಿದ್ದಬೇಕು."

ತಿದ್ದುವುದು ಅವಳ ಕೆಲಸವೇ ಆಗಿತ್ತು, ಅದಕ್ಕೆ ಯಾರೂ ಏನೂ ಅನ್ನುವ ಹಾಗಿರಲಿಲ್ಲ. ಕುಂಬಾರನಿಗೆ ವರುಷ, ದೊಣ್ಣೆಗೆ ನಿಮಿಷ. "ನನ್ನ ತಂದೆಯವರು ಶ್ರಮಜೀವಿ. ಹಗಲಿರುಳೆನ್ನದೆ ಬೆವರು ಸುರಿಸಿ ದುಡಿಯುವ ಅವರು ಪ್ರಾಮಾಣಿಕತೆಯ ಪ್ರತಿರೂಪ." ಬೆನ್ನು ಹಾಕಿ ನಿಲ್ಲುವುದನ್ನು ಅನಗತ್ಯ ವಿವರವೆಂದು ತೆಗೆದಳು. ಅಕ್ಷರ ಮಾತ್ರ ಮುತ್ತು ಪೋಣಿಸಿದಂತೆ ಬಂತು. ಪಿಟಿಪಿಟಿ ಓದಿ ಕಣ್ಣರಳಿಸಿದಳು.

"ಪುಸ್ತಕದಲ್ಲಿ ಇರೋ ಥರಾನೇ ಇದೆ ಅಕ್ಕ. ತುಂಬಾ ಥ್ಯಾಂಕ್ಸ್."

ಪಂಡಿತೆ ಅವಳ ಮುಖ ನೋಡಲಿಲ್ಲ. ಹಾಳೆ ಮಡಚಿ ಬ್ಯಾಗಿಗೆ ಹಾಕಿಕೊಂಡು ಹೊರಟಳು.

ಕಚೇರಿಯಲ್ಲಿ ಸಂಪಾದಕರು ಮೊದಲು ಪಂಡಿತೆಯದನ್ನು ಓದಿದರು. ಟಕಟಕ. ಆಮೇಲೆ ಶಿಷ್ಯೆಯದನ್ನು. ಟಕಟಕ.

"ಇದೂ ನಿನ್ನ ಬರಹದ ಹಾಗೇ ಇದೆಯಲ್ಲಮ್ಮ," ಎಂದರು ಸಂಪಾದಕರು. ಬೇಕೆಂದು ಚುಚ್ಚುವ ಮನುಷ್ಯರಲ್ಲ, ಕಂಡದ್ದನ್ನು ಹೇಳಿದರು ಅಷ್ಟೆ. "ಎರಡೂ ಒಂದೇ ತೂಕ. ಹೋಗಲಿ, ಬೇಸಿಗೆಯೆಲ್ಲ ಓಡಾಡಿದೀಯ. ಪುಟ ನೀನೇ ಇಟ್ಕೋ."

ಪುಟ ಸಿಕ್ಕಿತು. ಸುಮ್ಮನೆ ತಗೊಂಡು ಮನೆಗೆ ಹೋಗಬಹುದಿತ್ತು. ಆದರೆ ಹೊಟ್ಟೆಕಿಚ್ಚಿಗೆ ಅಷ್ಟಕ್ಕೆ ಸಮಾಧಾನವೆಲ್ಲಿ? ಆ ಸಾಲುಗಳು ನಿಜಕ್ಕೂ ಅಷ್ಟು ಚೆನ್ನಾಗಿದ್ದವೋ, ತನಗೆ ಮಾತ್ರ ಹಾಗೆ ಅನ್ನಿಸಿತೋ, ಅದು ಗೊತ್ತಾಗಬೇಕಿತ್ತು. ಉರಿದು ಉರಿದು ಅವು ಅವಳಿಗೆ ಬಾಯಿಪಾಠ ಆಗಿಹೋಗಿದ್ದವು. ಟೈಪಿಸ್ಟಮ್ಮನ ಬೆರಳು ಒಮ್ಮೆ ಅವುಗಳ ಮೇಲೂ ಓಡಿಬಿಟ್ಟರೆ ತಾನು ನೆಮ್ಮದಿಯಿಂದ ಇರಬಹುದು.

"ಆಂಟಿ, ಇನ್ನೊಂದು ಸಣ್ಣದಿದೆ, ಹೊಡೀತೀರಾ?" ಎಂದು ಕೇಳಿ, ಹೇಳುತ್ತಾ ಹೋದಳು. ಊರಿನ ಅರ್ಧ ಬಾಗಿಲು. ಟಕಟಕ. ಒಂದು ಮನೆಯನ್ನೂ ಒಳಗೆ ನೋಡಿಲ್ಲ. ಟಕಟಕ. ನಿಲ್ಲಬೇಡ, ನಿಲ್ಲಬೇಡ ಎಂದು ಅವಳು ಒಳಗೊಳಗೇ ಬೇಡುತ್ತಿದ್ದಳು. ಬೀಗ ತೆಗೆದ ಕೂಡಲೇ ಬಾಗಿಲಿಗೆ ಬೆನ್ನು ಹಾಕಿ ನಿಲ್ಲುತ್ತಾನೆ.

ಬೆರಳು ನಿಂತಿತು. ಟೈಪಿಸ್ಟಮ್ಮ ತಿರುಗಿ ನೋಡಿ, "ಯಾಕಂತೆ?" ಎಂದರು.

ಪಂಡಿತೆ ಮಿಕ್ಕದ್ದನ್ನು ಹೇಳಿದಳು, ಅದು ತಾನು ತಿದ್ದುವ ಮೊದಲು ಶಿಷ್ಯೆ ಬರೆದದ್ದು ಎಂಬುದನ್ನೂ. ಸಂಪಾದಕರು ಅವಳ ಹಾಳೆಯನ್ನು ಬದಿಗೆ ಸರಿಸಿ, ಪುಟಕ್ಕೆ ಹುಡುಗಿಯ ಹೆಸರು ಬರೆದುಕೊಂಡರು. ಕೈಗೆ ಬಂದ ತುತ್ತನ್ನು ತಾನೇ ತಟ್ಟಿಬಿಟ್ಟು, ಪಂಡಿತೆ ಮೆಟ್ಟಿಲಿಳಿದು ಜೆರಾಕ್ಸ್ ಅಂಗಡಿಯ ಮುಂದೆ ನಿಂತು ಅತ್ತಳು. ಪಶ್ಚಾತ್ತಾಪದ ಅಳುವಲ್ಲ. ಶುದ್ಧ ಹೊಟ್ಟೆಕಿಚ್ಚಿನ ಅಳು.

ಪತ್ರಿಕೆ ಬಂದ ದಿನ ಪಿಟಿಪಿಟಿ ಮುಖ ಸಪ್ಪೆ ಮಾಡಿಕೊಂಡು ಗ್ರಂಥಾಲಯಕ್ಕೆ ಬಂದಳು.

"ಅಕ್ಕ, ನೀವು ತಿದ್ದಿದ್ದೆಲ್ಲ ಬಿಟ್ಟು ನಂದೇ ಹಾಕಿಬಿಟ್ಟಿದಾರೆ. ಅಪ್ಪನ್ನ 'ನಿಲ್ಲುತ್ತಾನೆ', 'ಅಂದ' ಅಂತ ಬರೆದಿದ್ದೂ ಹಾಗೇ ಇದೆ. ನಾಚಿಕೆ ಆಗುತ್ತೆ." ಆಮೇಲೆ ಚೀಲದಿಂದ ಹೊಸ ಹಾಳೆ ತೆಗೆದಳು. "ಇನ್ಮೇಲೆ ಹಂಗೆ ಆಗಲ್ಲ. ಇದು ಅಮ್ಮನ ಬಗ್ಗೆ. ನಿಮ್ಮ ಥರಾನೇ ಬರೆದಿದೀನಿ, ನೋಡಿ."

"ನನ್ನ ತಾಯಿಯವರು ಮಮತೆಯ ಕಡಲು. ತ್ಯಾಗದ ಪ್ರತಿರೂಪವಾದ ಅವರು..."

ಪಂಡಿತೆಗೆ ಮೊದಲು ಆದದ್ದು ಸಂತೋಷ. ಅದನ್ನು ಮುಚ್ಚಿಡುವುದೇಕೆ? ಇಂಥದನ್ನು ಬರೆಯುವವಳ ಮೇಲೆ ಯಾರಿಗೂ ಹೊಟ್ಟೆಕಿಚ್ಚು ಆಗಬೇಕಿಲ್ಲ. ಇನ್ನು ನಾಲ್ಕು ಹಾಳೆ ಹೀಗೇ ಬರೆಸಿದರೆ ಆ ಹಳೆಯ ಕೈ ಶಾಶ್ವತವಾಗಿ ಹೋಗುತ್ತದೆ. ಅವಳು ಹಾಳೆಯ ಕೊನೆ ಮುಟ್ಟುವಷ್ಟರಲ್ಲಿ ಆ ಸಂತೋಷ ಅವಳಿಗೇ ಹೇಸಿಗೆ ಅನ್ನಿಸಿತು.

"ಇದು ಬೇಡ," ಎಂದು ಹಾಳೆಯನ್ನು ವಾಪಸ್ಸು ಕೊಟ್ಟಳು. "ನಿಮ್ಮಮ್ಮ ಏನು ಮಾಡ್ತಾರೋ ಅದನ್ನ ಬರಿ. ನನ್ನ ಥರ ಬರೀಬೇಡ."

ಪಿಟಿಪಿಟಿ ಓರೆಗಣ್ಣಿನಲ್ಲಿ ನೋಡಿದಳು. "ಯಾಕಕ್ಕ, ನಿಮ್ಮ ಥರ ಬರೆದ್ರೆ ನಿಮಗೆ ಹೊಟ್ಟೆ ಉರಿಯುತ್ತಾ?"

"ಇಲ್ಲ ಕಣೆ. ನಿನ್ನ ಥರ ಬರೆದ್ರೆ ಉರಿಯುತ್ತೆ," ಎಂದಳು ಪಂಡಿತೆ. "ಉರಿಸು."