ಹಸಿರು ಚೂರಿನ ಆಕಾಶಬುಟ್ಟಿ

ಆಗೆಲ್ಲ ಬೆಳಗಾವಿಯ ನಮ್ಮ ಓಣಿಯ ಹುಡುಗಿಯರಿಗೆ ಒಡೆದ ಬಳೆಯ ಚೂರೇ ಆಸ್ತಿ. ಎಲ್ಲಿ ಕಂಡರೂ ಆರಿಸಿ ಉಟ್ಟ ಪರಕಾರದ ಉಡಿಗೆ ಹಾಕಿಕೊಳ್ಳುತ್ತಿದ್ದೆವು. ಹಸಿರು ಚೂರಿಗಂತೂ ಜಡೆ ಹಿಡಿದು ಜಗಳ.

ಖಾನಾಪುರದಲ್ಲಿದ್ದ ಸೋದರತ್ತೆಯ ಗಂಡ ಮಳೆಗಾಲದಲ್ಲಿ ತೀರಿಕೊಂಡರು. ದಿನಕರ್ಮ ಮುಗಿದ ಮೇಲೆ ಅತ್ತೆಯನ್ನು ಕರೆತರಲು ಆಯಿ ಹೊರಟಾಗ ನಾನೂ ಹೋಗಿದ್ದೆ. ಆಯಿ ಎಂದರೆ ನಮ್ಮ ಅಜ್ಜಿ, ಅತ್ತೆಯ ತಾಯಿ. ನಾನು ಕಂಡಾಗಿನಿಂದ ಅವಳದು ಬೋಳು ಕೈ. ದೊಡ್ಡವರು ಒಳಗೆ ಅಳುತ್ತಿದ್ದರು. ನನಗೆ ಹಿತ್ತಲಿನ ಒಗೆಯುವ ಕಲ್ಲಿನ ಪಕ್ಕ ಹಸಿರು ಚೂರುಗಳ ರಾಶಿಯೇ ಸಿಕ್ಕಿತು. ಇಷ್ಟೊಂದನ್ನು ಚೆಲ್ಲಿದವರು ಎಂಥ ದಡ್ಡರೋ ಅಂದುಕೊಂಡೆ.

ಬೆಳಗಾವಿಗೆ ಬಂದ ಅತ್ತೆ ಹಿಂದಿನ ಕೋಣೆ ಸೇರಿದಳು. ಮೊದಲು ನನ್ನ ಜಡೆ ಹೆಣೆಯುತ್ತ ನಗಿಸಿ ನಗಿಸಿ ಸುಸ್ತು ಮಾಡುತ್ತಿದ್ದವಳು, ಈಗ ಕರೆದರೂ ಹೊರಗೆ ಬಾರಳು. ದೀಪಾವಳಿಗೆ ಈ ಸಲ ಆಕಾಶಬುಟ್ಟಿ ಇಲ್ಲ ಎಂದ ಅಪ್ಪ. ಯಾಕೆ ಎಂದೆ. “ಸುಮ್ಮನ ಕುಂದರು.” ಆ ವರ್ಷ ನನ್ನ ಎಲ್ಲ ಪ್ರಶ್ನೆಗೂ ಅದೊಂದೇ ಉತ್ತರ. ಆಕಾಶಬುಟ್ಟಿ ಕಂಡರೆ ಅತ್ತೆ ಹೊರಗೆ ಬಂದಾಳು ಎಂದು ನನಗೆ ಆಸೆ.

ಹೆಣಿಗೆ ಸಡಿಲಾಗಿ ಕಿಂಡಿಬಿದ್ದ ಬಿದಿರುಬುಟ್ಟಿಯೊಂದು ಅಟ್ಟದಲ್ಲಿತ್ತು. ಅದಕ್ಕೆ ಹರಿದ ಗಾಳಿಪಟದ ಕಾಗದ ಸುತ್ತಿ, ಜಾಲಿಯ ಅಂಟಿನಿಂದ ಚೂರು ಹಚ್ಚಿದೆ. ಬೆರಳೆಲ್ಲ ಗೀರು. ಒಳಗೆ ತೆಂಗಿನ ಚಿಪ್ಪಿನಲ್ಲಿ ಪಣತಿ ಇಟ್ಟು, ಸಂಜೆ ಅತ್ತೆಯ ಕೋಣೆಯ ಮುಂದೆ ತೂಗುಹಾಕಿದೆ.

“ಅತ್ತಿ, ಬಾ ಇಲ್ಲೆ. ಏನ್ ಮಾಡೇನಿ ನೋಡು.”

ಅತ್ತೆ ಬಂದಳು. ಗೋಡೆಯ ಮೇಲೆಲ್ಲ ಹಸಿರು ಬೆಳಕು ತೂಗುತ್ತಿತ್ತು. ಹಿಂದೆಯೇ ಬಂದ ಆಯಿಯ ಮುಖ ಬಿಳಿಚಿಕೊಂಡಿತು.

“ಈ ಹಸರು ಚೂರ ಎಲ್ಲಿಂದ ತಂದಿ?”

“ಖಾನಾಪುರದಿಂದ. ಅತ್ತಿ ಮನಿ ಹಿತ್ತಲದಾಗ, ಒಗಿಯೋ ಕಲ್ಲಿನ ಬಾಜು ಬಿದ್ದಿದ್ವು.”

ಗಂಡ ಸತ್ತ ಮೇಲೆ ಅತ್ತೆಯ ಬಳೆಗಳನ್ನು ಹೆಂಗಸರು ಆ ಕಲ್ಲಿನ ಮೇಲೆಯೇ ಒಡೆದಿದ್ದರು. ಅದು ನನಗೆ ತಿಳಿದದ್ದು ಎಷ್ಟೋ ವರ್ಷಗಳ ಮೇಲೆ.

“ಇಳಸು ಅದನ್ನ, ಹಾಳ ಹುಡುಗಿ,” ಎಂದು ಆಯಿ ಕೈ ಎತ್ತಿದಳು.

“ಇರ್ಲಿ ಬಿಡವ್ವಾ,” ಎಂದಳು ಅತ್ತೆ. ಬುಟ್ಟಿಯ ಕೆಳಗೆ ಕುಳಿತು, ಎರಡೂ ಬೋಳು ಮುಂಗೈಗಳನ್ನು ಬೆಳಕಿಗೆ ಹಿಡಿದಳು. ಅವುಗಳ ಮೇಲೆ ಹಸಿರು ಗೆರೆಗಳು ಬಿದ್ದವು. ಅವಳು ಅಳುತ್ತಿದ್ದಳೋ ನಗುತ್ತಿದ್ದಳೋ, ನನಗೆ ಗೊತ್ತಾಗಲಿಲ್ಲ.

ಆಯಿ ನನ್ನನ್ನು ಬಾಯಿಗೆ ಬಂದಂತೆ ಬೈದಳು. ಬೈಯುತ್ತಲೇ ಒಳಗೆ ಹೋಗಿ ಎಣ್ಣೆ ತಂದು, ಆರಲಿದ್ದ ಪಣತಿಗೆ ಹಾಕಿದಳು. ಆಮೇಲೆ ಮಗಳ ಪಕ್ಕ ಕುಳಿತಳು. ಆಗ ಅವಳ ಕೈಯೂ ಹಸಿರಾಯಿತು. ನನಗೋ ತಲೆಬುಡ ತಿಳಿಯದು. ನಾನು ತಪ್ಪು ಮಾಡಿದ್ದರೆ ಎಣ್ಣೆ ಯಾಕೆ? ಮಾಡದಿದ್ದರೆ ಬೈಗುಳ ಯಾಕೆ? ಕೇಳಿದೆ. “ಸುಮ್ಮನ ಕುಂದರು,” ಎಂದಳು.

ಈಗ ನಾನೂ ಅಜ್ಜಿ. ನನ್ನವರು ತೀರಿಕೊಂಡಾಗ ನನ್ನ ಬಳೆ ಮುಟ್ಟಲು ನನ್ನ ಮಗಳು ಯಾರಿಗೂ ಬಿಡಲಿಲ್ಲ. ಓಣಿಯಲ್ಲಿ ಚೂರು ಆರಿಸುವ ಹುಡುಗಿಯರೂ ಈಗಿಲ್ಲ. ಮೊಮ್ಮಗ ಗುಂಡಿ ಒತ್ತಿದರೆ ಅಂಗಡಿಯಿಂದ ತಂದ ಆಕಾಶಬುಟ್ಟಿ ಬೆಳಗಿನವರೆಗೂ ಉರಿಯುತ್ತದೆ. ಆರೀತೆಂದು ಯಾರೂ ಕಾಯಬೇಕಿಲ್ಲ. ಬೈಯುತ್ತ ಬೈಯುತ್ತ ಎಣ್ಣೆ ಹಾಕಿದವಳನ್ನು ಯಾಕೆ ಹಾಕಿದೆ ಎಂದು ಇನ್ನೊಮ್ಮೆ ಕೇಳೋಣವೆಂದರೆ, ಸುಮ್ಮನೆ ಕೂರು ಎನ್ನುವುದಕ್ಕೂ ಅವಳಿಲ್ಲ.